ಹಳೆಯ ಜೀಪಿಗೆ ಹೊಸ ವೈರಿಂಗ್: ತೇಲುವ ಜೀಪಿನಿಂದ ಕಲಿಯತಕ್ಕ ಪಾಠ



ಕಾಫಿ, ಅಡಿಕೆ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಗೊಬ್ಬರದ ಚೀಲ, ಕೊಯ್ದ ಹಣ್ಣು, ಅಡಿಕೆ ಗೊನೆ, ಕೆಲಸದಾಳುಗಳು, ಒಮ್ಮೊಮ್ಮೆ ಹೆರಿಗೆ ನೋವಿನ ಹೆಣ್ಣುಮಗಳು, ಎಲ್ಲಕ್ಕೂ ಅದೇ ಗತಿ. ಅಂಥ ಜೀಪು ಮಳೆಯ ರಾತ್ರಿಯಲ್ಲಿ ನಡುದಾರಿಯಲ್ಲಿ ನಿಂತಾಗ ನಾವು ಮೊದಲು ಬೈಯುವುದು ಇಂಜಿನ್ನನ್ನು. ದೋಷವಿರುವುದು ಬಹುಪಾಲು ತಂತಿಯಲ್ಲಿ. ನಿಲ್ಲುವುದು ಬರೀ ತೊಂದರೆ. ನಲವತ್ತು ಐವತ್ತು ವರ್ಷದ ತಂತಿಯ ಮೇಲಿನ ರಬ್ಬರು ಉದುರಿ, ಫ್ಯೂಸಿಲ್ಲದ ಕಡೆ ತಾಮ್ರವು ಕಬ್ಬಿಣಕ್ಕೆ ತಗುಲಿದರೆ ಪೆಟ್ರೋಲ್ ಕೊಳವೆಯ ಪಕ್ಕದಲ್ಲೇ ಬೆಂಕಿ. ಆದಕಾರಣ ಜೀಪಿನ ವೈರಿಂಗನ್ನು ಮನೆಯಂಗಳದಲ್ಲೇ ಹೊಸದಾಗಿ ಮಾಡಿಕೊಳ್ಳುವ ಕ್ರಮವನ್ನು ಈ ಸಂಚಿಕೆಯಲ್ಲಿ ತಿಳಿಸಬಯಸುತ್ತೇವೆ.

ಈ ಪಾಠಕ್ಕೆ ನಾವು ಆರಿಸಿಕೊಂಡ ನೆಲ ಮಲೆನಾಡಿನದಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯದು. ಅಲ್ಲಿಯ ಬೆಳೆಗಾರರು ಲಿಂಬೆ, ದಾಳಿಂಬೆಯವರು. ಮಳೆಯೂ ನಮ್ಮಲ್ಲಿಯಷ್ಟಿಲ್ಲ. ಹಾಗಿದ್ದೂ ವಾಹನದ ವೈರಿಂಗಿಗೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆಡೆ ಸಿಗಲಾರದು. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಸೋರಿ ಹೋಗುತ್ತದೆ. ಅಲ್ಲಿಯ ಎರೆ ಮಣ್ಣು ನೆನೆದರೆ ಉಬ್ಬಿ, ಚಕ್ರಕ್ಕೂ ಚಾಸಿಗೂ ಮೆತ್ತಿಕೊಂಡು, ಒದ್ದೆಯನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ಹರಿದರೆ ಓಣೆಲ್ಲ ಕಾಳು ಎಂದು ಅಲ್ಲಿಯ ಜನ ಹೇಳುತ್ತಾರೆ. ಅದು ದಂಡೆಯ ಎರೆ ಹೊಲದ ಜೋಳದ ಮಾತು. ಆ ಡೋಣಿಯ ನೀರು ಸವಳು. ಸವಳು ನೀರು ತಾಮ್ರದ ತಂತಿಗೆ ತಗುಲಿದರೆ ಹಸಿರು ಕಿಲುಬು ಕಟ್ಟುವುದಕ್ಕೆ ಹೆಚ್ಚು ದಿನ ಬೇಡ. ತಾಳಿಕೋಟೆಯ ಬಳಿ ಡೋಣಿಯ ಕೆಳಮಟ್ಟದ ಸೇತುವೆ ಅನೇಕ ಮಳೆಗಾಲಗಳಲ್ಲಿ ಮುಳುಗಿ ಸಂಚಾರ ನಿಂತಿದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಕಡೆಯ ದಂಡೆಯ ಹಳ್ಳಿಗಳಿಗೆ ನುಗ್ಗಿದ್ದು ಪತ್ರಿಕೆ ಓದಿದವರಿಗೆ ನೆನಪಿದ್ದೀತು. ಇಂಥ ನೆಲದಲ್ಲಿ ಬಾಳುವ ವೈರಿಂಗು ನಮ್ಮ ತೋಟದ ಕಾಲುದಾರಿಯಲ್ಲಿ ಬಾಳದೆ ಇರಲಾರದು.

ಹೀಗಿರುವಾಗ, ನೀರಿನಲ್ಲೂ ನೆಲದಲ್ಲೂ ಓಡುವ ಬಂಡಿಯೇ ಇದ್ದರೆ ಹೇಗೆ ಎಂಬ ಆಸೆ ಹುಟ್ಟುವುದು ಸಹಜ. ಅದನ್ನು ಮಾಡಿ ನೋಡಿದವರಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಫೋರ್ಡ್ ಕಂಪನಿಯು ಜೀಪಿನ ಇಂಜಿನ್ನು, ಗೇರುಪೆಟ್ಟಿಗೆಗಳನ್ನೇ ಇಟ್ಟುಕೊಂಡು ಸುತ್ತ ದೋಣಿಯ ಒಡಲು ಕಟ್ಟಿ, ಹಿಂದೆ ನೀರು ತಳ್ಳುವ ಪಂಖ ಜೋಡಿಸಿ, 1942-43ರಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕಿ ಜಿಪಿಎ ಎಂಬ ವಾಹನಗಳನ್ನು ತಯಾರಿಸಿತು. ಭಾರ ಹೆಚ್ಚಾಯಿತು, ನೀರಿನ ಮೇಲೆ ಉಳಿಯುವ ಅಂಚು ಕಡಿಮೆಯಾಯಿತು. ಅಲೆಯಿದ್ದಲ್ಲಿ ನೀರು ಒಳಗೆ ನುಗ್ಗುತ್ತಿತ್ತು. ಸೈನ್ಯಕ್ಕೆ ಅದು ಹಿಡಿಸಲಿಲ್ಲ. ಆದರೆ ಬೆನ್ ಕಾರ್ಲಿನ್ ಎಂಬ ಆಸ್ಟ್ರೇಲಿಯದ ಹಟವಾದಿ ಅಂಥದೇ ಒಂದು ಹಳೆಯ ಬಂಡಿಯನ್ನು ತಾನೇ ರಿಪೇರಿ ಮಾಡಿ, ಎತ್ತರಿಸಿ, 1950ರಿಂದ 1958ರವರೆಗೆ ಸಾಗರಗಳನ್ನೂ ದೇಶಗಳನ್ನೂ ದಾಟಿ ಭೂಮಿಯನ್ನು ಸುತ್ತಿಬಂದ. ದಾರಿಯಲ್ಲಿ ನಮ್ಮ ಕಲ್ಕತ್ತೆಗೂ ಬಂದಿದ್ದ. ಆ ಮೇಲೆ 1960ರ ದಶಕದಲ್ಲಿ ಕೆನಡದಲ್ಲಿ ಆರು ಚಕ್ರದ ಪುಟ್ಟ ತೇಲುಬಂಡಿಗಳು ಬಂದವು. ಅವುಗಳ ಒಡಲೇ ಒಂದು ತೊಟ್ಟಿ. ಅವುಗಳನ್ನು ಮನೆಯಲ್ಲೇ ಬಿಚ್ಚಿ ಹೊಸದಾಗಿಸುವ ಹವ್ಯಾಸಿಗಳು ಹೊರದೇಶಗಳಲ್ಲಿ ಬಹಳ.

ನಮ್ಮ ಅಂಗಳದಲ್ಲಿರುವುದು ಆ ಜಿಪಿಎಯ ಒಡಹುಟ್ಟು, ತೇಲದ ಜೀಪು. ತೇಲುಬಂಡಿಯಿಂದ ಅದಕ್ಕೆ ತರಬೇಕಾದ ವಿದ್ಯೆ ತಂತಿಯದು; ಒಡಲಿನದನ್ನು ಮಾತ್ರ ತರಕೂಡದು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಬಿಚ್ಚುವ ಮುನ್ನ

ಕೈಯ ಉಂಗುರ, ಗಡಿಯಾರ ತೆಗೆದಿಡಿ. ಬೀಡಿ ದೂರವಿರಲಿ; ಬ್ಯಾಟರಿಯಿಂದ ಏಳುವ ಅನಿಲ ಹತ್ತಿಕೊಳ್ಳುವಂಥದು. ಬ್ಯಾಟರಿಯ ಎರಡು ತುದಿಗಳಲ್ಲಿ ಚಾಸಿಗೆ ಸೇರಿದ ತುದಿಯನ್ನು, ಅಂದರೆ ಅರ್ತನ್ನು, ಮೊದಲು ಬಿಚ್ಚಬೇಕು. ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು. ಹೀಗೆ ಮಾಡಿದರೆ ಸ್ಪ್ಯಾನರು ಕೈಜಾರಿ ಬಾಡಿಗೆ ತಗುಲಿದರೂ ಕಿಡಿ ಹಾರದು.

ಅರ್ತ್ ಯಾವ ತುದಿ ಎಂಬುದನ್ನೂ ನೋಡಿ ಬರೆದುಕೊಳ್ಳಿ. ಯುದ್ಧಕಾಲದ ಜೀಪುಗಳು 6 ವೋಲ್ಟಿನವು, ಋಣ ತುದಿ ಅರ್ತ್. ಮಹೀಂದ್ರದ ನಂತರದ ಜೀಪುಗಳು 12 ವೋಲ್ಟಿನವು. ಇಂಗ್ಲೆಂಡಿನ ಹಳೆಯ ಲ್ಯಾಂಡ್ ರೋವರಿನಂಥವುಗಳಲ್ಲಿ ಧನ ತುದಿ ಅರ್ತ್ ಆಗಿರುವುದುಂಟು. ಆಲ್ಟರ್ನೇಟರು ಹಾಕಿದ ಬಂಡಿಯಲ್ಲಿ ಇದು ಅದಲುಬದಲಾದರೆ ಒಳಗಿನ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ.

ಹಳೆಯ ತಂತಿಯನ್ನೆಲ್ಲ ಒಟ್ಟಿಗೆ ಕಿತ್ತೆಸೆಯುವ ಆತುರ ಬೇಡ. ಮೊದಲು ನೋಟುಪುಸ್ತಕದಲ್ಲಿ ನಕ್ಷೆ ಬರೆಯಿರಿ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಪ್ರತಿ ಜೋಡಣೆಯ ಫೋಟೋ ತೆಗೆಯುವುದಕ್ಕೆ ಖರ್ಚಿಲ್ಲ. ಬಳಿಕ ಒಂದೊಂದೇ ಮಾರ್ಗವನ್ನು ತೆಗೆದು ಒಂದೊಂದೇ ಹಾಕಿ: ಸೆಲ್ಫ್, ಚಾರ್ಜಿಂಗ್, ಕಾಯಿಲ್, ದೀಪ, ಹಾರ್ನು. ತಂತಿಗಳಿಗೆ ಬಣ್ಣದ ಕ್ರಮವನ್ನೂ ಪಾಲಿಸುವುದು ಲೇಸು. ಇಂಗ್ಲೆಂಡಿನ ಲೂಕಾಸ್ ಪದ್ಧತಿಯಲ್ಲಿ ಕಪ್ಪು ಅರ್ತಿಗೆ, ಕಂದು ಬ್ಯಾಟರಿಯ ನೇರ ತಂತಿಗೆ, ಬಿಳಿ ಇಗ್ನಿಷನ್ನಿಗೆ, ನೀಲಿ ದೊಡ್ಡ ದೀಪಕ್ಕೆ, ಕೆಂಪು ಸಣ್ಣ ದೀಪಕ್ಕೆ. ಸಿಕ್ಕಿದ ಬಣ್ಣವನ್ನೆಲ್ಲ ಹಾಕಿದ ಜೀಪನ್ನು ಮುಂದೆ ರಿಪೇರಿ ಮಾಡುವ ಮೇಸ್ತ್ರಿ ನಿಮ್ಮನ್ನು ಹರಸಲಾರ.

ತಂತಿಯ ದಪ್ಪದ ಲೆಕ್ಕ

ದಪ್ಪ ಸಾಲದ ತಂತಿ ಹಾಕುವುದೇ ಎಲ್ಲಕ್ಕಿಂತ ಸಾಮಾನ್ಯವಾದ ದೋಷ. ಲೆಕ್ಕ ಸುಲಭ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 60 ವ್ಯಾಟಿನ ಎರಡು ದೀಪ, 12 ವೋಲ್ಟಿನಲ್ಲಿ 10 ಆಂಪಿಯರ್. ಅದೇ ವ್ಯಾಟಿನ ದೀಪ 6 ವೋಲ್ಟಿನಲ್ಲಾದರೆ 20 ಆಂಪಿಯರ್. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯ ಮೂಲಕ ಐದು ಮೀಟರ್ ದೂರಕ್ಕೆ 10 ಆಂಪಿಯರ್ ಹರಿದರೆ ದಾರಿಯಲ್ಲೇ ಹೆಚ್ಚುಕಡಿಮೆ 0.9 ವೋಲ್ಟ್ ಕಳೆದುಹೋಗುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ 0.35 ವೋಲ್ಟ್ ಮಾತ್ರ. ಬಲ್ಬಿಗೆ ಸಿಗುವ ವೋಲ್ಟು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಕುಗ್ಗುತ್ತದೆ. ದೀಪ ಮಂಕಾಯಿತೆಂದು ಬಲ್ಬು ಬದಲಿಸುವವರು ಇದನ್ನು ಗಮನಿಸಬೇಕು.

ಸೆಲ್ಫ್ ಮೋಟಾರಿನ ಕೇಬಲಿಗೂ ಇದೇ ನ್ಯಾಯ. 6 ವೋಲ್ಟಿನ ಜೀಪಿಗೆ 12 ವೋಲ್ಟಿನ ಕಾರಿನ ಕೇಬಲ್ ಹಾಕಿದರೆ ಚಳಿಯ ಬೆಳಗಿನಲ್ಲಿ ಅದು ಏಳಲೊಲ್ಲದು; ಕನಿಷ್ಠ ಎರಡರಷ್ಟು ತಾಮ್ರ ಬೇಕು. 6ರಿಂದ 12ಕ್ಕೆ ಬದಲಿಸಬೇಕೇ ಎಂದು ಕೇಳುವವರಿದ್ದಾರೆ. ಪ್ರದರ್ಶನಕ್ಕಿಡುವ ಬಂಡಿಯನ್ನು ಮೂಲದಂತೆಯೇ ಇಡಿ. ದುಡಿಯುವ ಬಂಡಿಯನ್ನು 12ಕ್ಕೆ ಬದಲಿಸುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ರಾತ್ರಿ ಸಿಂದಗಿಯಲ್ಲಾಗಲಿ ಮೂಡಿಗೆರೆಯಲ್ಲಾಗಲಿ ಬೇಕಾದಾಗ ಸಿಗುವುದು ಆ ಬಲ್ಬೇ. ಆಗ ಬಲ್ಬು, ಕಾಯಿಲ್, ಹಾರ್ನು, ಡೈನಮೋ, ಕಟೌಟ್ ಎಲ್ಲವೂ ಬದಲಾಗಬೇಕು.

ಮನೆಯ ಗೋಡೆಗೆ ಹಾಕುವ ಒಂಟಿ ಎಳೆಯ ತಂತಿಯನ್ನು ಎಂದಿಗೂ ವಾಹನಕ್ಕೆ ಹಾಕತಕ್ಕದ್ದಲ್ಲ. ಅದು ನಡುಗಿ ನಡುಗಿ ಒಳಗೇ ಮುರಿಯುತ್ತದೆ, ಹೊರಗೆ ಕಾಣುವುದಿಲ್ಲ. ಹಲವು ಎಳೆಗಳ ವಾಹನದ ತಂತಿಯನ್ನೇ ಕೊಳ್ಳಿರಿ.

ಫ್ಯೂಸು ಮತ್ತು ಅರ್ತ್

ಫ್ಯೂಸು ಇರುವುದು ಬಲ್ಬಿನ ರಕ್ಷಣೆಗಲ್ಲ, ತಂತಿಯ ರಕ್ಷಣೆಗೆ. ಆದುದರಿಂದ ಅದು ಬ್ಯಾಟರಿಗೆ ಆದಷ್ಟು ಹತ್ತಿರವಿರಬೇಕು. ಫ್ಯೂಸಿಗಿಂತ ಮುಂಚಿನ ತಂತಿಗೆ ಕಾವಲಿಲ್ಲ. ಎಡದೀಪಕ್ಕೊಂದು, ಬಲದೀಪಕ್ಕೊಂದು ಬೇರೆ ಫ್ಯೂಸು ಹಾಕಿದರೆ ಒಂದು ಹೋದರೂ ಘಟ್ಟದ ತಿರುವಿನಲ್ಲಿ ಪೂರ್ತಿ ಕತ್ತಲಾಗದು. ಹಳೆಯ ಜೀಪುಗಳಲ್ಲಿ ಕಾಯಿಲಿನ ಮಾರ್ಗಕ್ಕೆ ಫ್ಯೂಸು ಇಲ್ಲದಿರುವುದುಂಟು. ಹಾಗಿದ್ದರೆ ಆ ತಂತಿ ಚಿಕ್ಕದಾಗಿರಲಿ, ತೂರಿಹೋಗುವ ಪ್ರತಿ ರಂಧ್ರದಲ್ಲೂ ರಬ್ಬರಿನ ಬಳೆಯಿರಲಿ. ಸುಟ್ಟ ಫ್ಯೂಸಿಗೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವ ಜಾಣತನದಿಂದ ಎಷ್ಟು ಜೀಪು ಸುಟ್ಟಿವೆಯೋ! ಬ್ಯಾಟರಿಯನ್ನು ಪೂರ್ತಿ ಕಡಿದುಹಾಕುವ ಒಂದು ಸ್ವಿಚ್ಚನ್ನೂ ಸೇರಿಸಿದರೆ ಬಂಡಿಯನ್ನು ಕೊಟ್ಟಿಗೆಯಲ್ಲಿ ಬಿಟ್ಟು ನಿಶ್ಚಿಂತೆಯಿಂದ ಮಲಗಬಹುದು. ಇಲಿಗಳು ತಂತಿ ಕಡಿಯುವ ತೋಟದ ಮನೆಗಳಲ್ಲಿ ಇದು ಅತ್ಯಗತ್ಯ.

ಜೀಪಿನಲ್ಲಿ ವಿದ್ಯುತ್ತು ಹಿಂತಿರುಗುವ ದಾರಿ ಕಬ್ಬಿಣದ ಮೈಯೇ. ಬಣ್ಣದ ಮೇಲೆ, ತುಕ್ಕಿನ ಮೇಲೆ ಬೋಲ್ಟ್ ಬಿಗಿದರೆ ಆ ದಾರಿ ಮುಚ್ಚಿದಂತೆ. ಬಣ್ಣ ಕೆರೆದು, ಹಲ್ಲಿನ ವಾಷರು ಹಾಕಿ, ಬಿಗಿದು, ಮೇಲೆ ವ್ಯಾಸಲೀನು ಸವರಿ. ಇಂಜಿನ್ನು ರಬ್ಬರಿನ ಮೇಲೆ ಕೂತಿರುವುದರಿಂದ ಇಂಜಿನ್ನಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿ ಬೇಕೇ ಬೇಕು. ತೇಲುಬಂಡಿಗಳನ್ನು ನೋಡಿಕೊಳ್ಳುವವರು ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ದೀಪಕ್ಕೂ ಅರ್ತಿನ ತಂತಿಯನ್ನು ಬೇರೆಯಾಗಿಯೇ ಎಳೆದು ಒಂದೆಡೆ ಸೇರಿಸುತ್ತಾರೆ. ಎರೆ ಸೀಮೆಯ, ಕರಾವಳಿಯ ಜೀಪುಗಳಿಗೂ ಹಾಗೆಯೇ ಮಾಡುವುದು ವಾಸಿ.

ಕಿಲುಬು ಹಿಡಿದ ಹಿತ್ತಾಳೆಯ ತುದಿಗಳನ್ನು ಎಸೆಯಬೇಕಾಗಿಲ್ಲ. ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಹೆಂಗಸರು ತಾಮ್ರದ ಬಿಂದಿಗೆ ಬೆಳಗುವ ಅದೇ ಹುಳಿಯಿಂದ ಈ ತುದಿಗಳನ್ನೂ ಬೆಳಗಬಹುದು. ಆಮೇಲೆ ಅಡುಗೆ ಸೋಡದ ನೀರಿನಲ್ಲಿ ಅದ್ದಿ, ತೊಳೆದು, ಬಿಸಿಲಿನಲ್ಲಿ ಒಣಗಿಸಬೇಕು. ಹುಳಿಯನ್ನು ತಂತಿಯ ಎಳೆಗಳಿಗೆ ಮಾತ್ರ ತಾಗಿಸಬೇಡಿ. ಅದು ರಬ್ಬರಿನೊಳಗೆ ಏರಿಹೋಗಿ ಒಳಗಿನಿಂದ ತಿನ್ನುತ್ತದೆ.

ನೀರಿಗಾಗಿ

ತೇಲುಬಂಡಿಯ ತೊಟ್ಟಿಯಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತದೆ. ಆದ್ದರಿಂದ ಅದರಲ್ಲಿ ತಂತಿಗಳು ತಳದಲ್ಲಿ ಓಡದೆ ಅಂಚಿನ ಕೆಳಗೆ ಎತ್ತರದಲ್ಲಿ ಓಡುತ್ತವೆ. ನೀವೂ ಹಾಗೆಯೇ ಮಾಡಿ. ದೀಪಕ್ಕಾಗಲಿ ಸ್ವಿಚ್ಚಿಗಾಗಲಿ ತಂತಿ ಸೇರುವ ಮುನ್ನ ಅದು ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರಲಿ. ಹನಿ ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಜೋಡಣೆಗಳನ್ನು ಒತ್ತಿ ಬಿಗಿದು, ಒಳಗೆ ಅಂಟಿರುವ ಕುಗ್ಗುವ ಕೊಳವೆಯನ್ನು ಬಿಸಿಮಾಡಿ ಮುಚ್ಚಿ. ಬರೀ ಟೇಪು ಸುತ್ತಿದರೆ ಬೇಸಿಗೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕೂದಲೆಳೆಯ ಬಿರುಕಿದ್ದರೂ ಅದನ್ನು ಬದಲಿಸಿ.

ಇನ್ನು ಒಡಲಿನ ಮಾತು. ಜೀಪಿನ ತಳದ ತೂತುಗಳನ್ನೆಲ್ಲ ಡಾಂಬರು, ರಬ್ಬರು ತುಂಬಿ ಮುಚ್ಚಿದರೆ ಹಳ್ಳ ದಾಟುವುದು ಸುಲಭವೆಂದು ಕೆಲವರ ಎಣಿಕೆ. ಇದು ಪ್ರಾಣಕ್ಕೆ ಎರವಾಗುವ ಎಣಿಕೆ. ಜೀಪಿನ ತಳದ ವಿಸ್ತಾರ ಮೂರು ಚದರ ಮೀಟರಿಗೆ ಕಡಿಮೆಯಿಲ್ಲ. ನೀರು ಒಳಗೆ ಬಾರದಂತೆ ಮುಚ್ಚಿದ ತಳದ ಮೇಲಕ್ಕೆ ಹೊರಗಿನ ನೀರು ಹತ್ತು ಸೆಂಟಿಮೀಟರ್ ಏರಿದರೆ ಮುನ್ನೂರು ಕಿಲೋದಷ್ಟು ಭಾರವನ್ನು ಅದು ಎತ್ತುತ್ತದೆ. ಖಾಲಿ ಜೀಪಿನ ತೂಕ ಒಂದು ಟನ್ನಿನ ಆಜುಬಾಜು. ಒಂದು ಅಡಿ ಏರುವಷ್ಟರಲ್ಲಿ ಚಕ್ರಗಳು ನೆಲ ಬಿಡುತ್ತವೆ. ನೆಲ ಬಿಟ್ಟ ಜೀಪಿಗೆ ತಳ್ಳುವ ಪಂಖವೂ ಇಲ್ಲ, ಚುಕ್ಕಾಣಿಯೂ ಇಲ್ಲ. ತೂತುಗಳು ತೆರೆದಿದ್ದರೆ ಒಳಗೂ ನೀರು ತುಂಬಿ ಬಂಡಿ ನೆಲಕ್ಕೆ ಅಂಟಿಕೊಂಡಿರುತ್ತದೆ, ಕಾಲು ಒದ್ದೆಯಾದೀತು ಅಷ್ಟೆ. ಹಾಗೆಂದು ಹರಿಯುವ ಪ್ರವಾಹಕ್ಕೆ ಇಳಿಸಬಹುದೆಂದು ಅರ್ಥವಲ್ಲ. ಸೇತುವೆಯ ಮೇಲೆ ಕೆಂಪು ನೀರು ಓಡುತ್ತಿರುವಾಗ ಕೆಳಗೆ ರಸ್ತೆಯಿದೆಯೇ ಕೊಚ್ಚಿಹೋಗಿದೆಯೇ ಯಾರಿಗೆ ಗೊತ್ತು?

ನಿಂತ ನೀರಿನ ಸಣ್ಣ ಹಳ್ಳಕ್ಕೆ ಇಳಿಯಬೇಕಾದರೆ ಆಕ್ಸಲ್ಲಿನ ಉಸಿರುನಳಿಕೆಗೆ ಉದ್ದದ ರಬ್ಬರು ಕೊಳವೆ ಸಿಕ್ಕಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿ. ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ದಾಟಿದ ಮೇಲೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಬದಲಿಸಬೇಕು. ಬ್ರೇಕನ್ನು ಹಗುರಾಗಿ ಒತ್ತುತ್ತಾ ಸ್ವಲ್ಪ ದೂರ ಓಡಿಸಿ ಒಣಗಿಸಿ. ಸವಳು ನೀರಾಗಿದ್ದರೆ ಅದೇ ಸಂಜೆ ಬಾವಿಯ ಸಿಹಿನೀರಿನಿಂದ ಅಡಿಭಾಗವನ್ನು ತೊಳೆಯಿರಿ, ಮೆತ್ತಿದ ಮಣ್ಣನ್ನು ಕೋಲಿನಿಂದ ಕೆರೆದು ತೆಗೆಯಿರಿ.

ಮೊದಲ ಸಲ ಬ್ಯಾಟರಿ ಜೋಡಿಸುವಾಗ

ಕೆಲಸ ಮುಗಿದೊಡನೆ ನೇರವಾಗಿ ಬ್ಯಾಟರಿ ಕೊಡಬೇಡಿ. ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಅರ್ತಿನ ಕೇಬಲಿಗೂ ಬ್ಯಾಟರಿಯ ತುದಿಗೂ ನಡುವೆ 21 ವ್ಯಾಟಿನ ಒಂದು ಬಲ್ಬನ್ನು ಸಿಕ್ಕಿಸಿ. ಅದು ಪೂರ್ತಿ ಉರಿದರೆ ಎಲ್ಲೋ ತಂತಿ ಮೈಗೆ ತಗುಲಿದೆ. ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಹರಿಯಗೊಡದ ಕಾರಣ ಏನೂ ಸುಡದು. ಒಂದೊಂದೇ ಫ್ಯೂಸು ತೆಗೆಯುತ್ತಾ ಹೋಗಿ, ಯಾವುದನ್ನು ತೆಗೆದಾಗ ಆರುತ್ತದೋ ಆ ಮಾರ್ಗ ಹುಡುಕಿ. ಉರಿಯದಿದ್ದರೆ ಬಲ್ಬು ತೆಗೆದು ಕೇಬಲ್ ಬಿಗಿಯಿರಿ. ಇಂಜಿನ್ನು ಓಡುವಾಗ 12 ವೋಲ್ಟಿನ ಬ್ಯಾಟರಿಯಲ್ಲಿ ಮೀಟರು 14ರ ಆಸುಪಾಸು ತೋರಿಸಬೇಕು. ಡೈನಮೋ ಚಾರ್ಜು ಮಾಡದಿದ್ದರೆ ಅದಕ್ಕೆ ಧ್ರುವ ಕೊಡಿಸಬೇಕಾಗಬಹುದು. ಅಮೆರಿಕದ ಮತ್ತು ಇಂಗ್ಲೆಂಡಿನ ಡೈನಮೋಗಳಿಗೆ ಈ ಕ್ರಮ ಬೇರೆ ಬೇರೆ, ಅದನ್ನು ಬಲ್ಲ ಆಟೋ ಎಲೆಕ್ಟ್ರಿಷಿಯನ್ನರಿಗೇ ಬಿಡಿ.

ಕತ್ತಲಾದ ಮೇಲೆ ಬಾನೆಟ್ಟು ತೆರೆದು, ಇಂಜಿನ್ನು ಓಡಿಸಿ, ಔಷಧಿ ಸಿಂಪಡಿಸುವ ಶುದ್ಧವಾದ ಕೈಪಂಪಿನಿಂದ ಪ್ಲಗ್ ತಂತಿಗಳ ಮೇಲೆ ನೀರಿನ ಮಂಜು ಹಾಯಿಸಿ ನೋಡಿ. ಕೈ ದೂರವಿರಲಿ. ನೀಲಿ ಕಿಡಿ ಎಲ್ಲಿ ಹರಿದಾಡುತ್ತದೋ ಆ ತಂತಿ ಮಳೆಗಾಲಕ್ಕೆ ಬಾರದು. ಹದಿನೈದು ದಿನ ಓಡಿಸಿದ ಬಳಿಕ ಎಲ್ಲ ಅರ್ತಿನ ಬೋಲ್ಟುಗಳನ್ನೂ ಬ್ಯಾಟರಿಯ ತುದಿಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ, ನಕ್ಷೆಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜೀಪಿನ ಸಾಮಾನಿನ ಪೆಟ್ಟಿಗೆಗೆ ಹಾಕಿ.