ಗುತ್ತಿಗೆದಾರ ಹೋಗುವ ಮೊದಲು ನೋಡಿಕೊಳ್ಳಿ

ನಮ್ಮ ನೆರೆಮನೆಗೆ ಯೋಜನೆಯಲ್ಲಿ ಕರೆಂಟು ಬಂದು ಆರು ತಿಂಗಳಾಗಿತ್ತಷ್ಟೆ. ಸರ್ವಿಸ್ ವಯರು ಹಟ್ಟಿಯ ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಹೋಯಿತು. ಮಳೆಗೆ ತಗಡಿಗೆಲ್ಲ ಕರೆಂಟು ಇಳಿದು ಗಬ್ಬದ ದನ ಸತ್ತಿತು. ಆಮೇಲೆ ಅಗೆದು ನೋಡಿದರೆ ಅರ್ತಿಂಗ್ ತಂತಿ ಗೇಣುದ್ದ ಮಣ್ಣಿನೊಳಗೆ ಹೋಗಿ ಮುಗಿದಿತ್ತು, ಪೈಪೇ ಇಲ್ಲ!

ಹೀಗೇಕೆ ಆಗುತ್ತದೆ? 2005ರ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ, 2014ರ ದೀನದಯಾಳ್ ಗ್ರಾಮಜ್ಯೋತಿ, 2017ರ ಸೌಭಾಗ್ಯ – ಎಲ್ಲದರಲ್ಲೂ ವಿದ್ಯುತ್ ಕಂಪೆನಿ ಟೆಂಡರ್ ಕರೆದು ಗುತ್ತಿಗೆದಾರರಿಂದ ಕೆಲಸ ಮಾಡಿಸಿತು. ಬಿಲ್ಲು ಆಗುವುದು ಕಂಬ ಎಷ್ಟು, ತಂತಿ ಎಷ್ಟು ಮೀಟರ್, ಮನೆ ಎಷ್ಟು ಎಂಬ ಅಳತೆಯ ಮೇಲೆ. ಮಣ್ಣಿನಡಿ ಇರುವುದು ಅಳೆಯಲು ಬಂದವರ ಕಣ್ಣಿಗೆ ಬೀಳುವುದಿಲ್ಲ. ಅಲ್ಲೇ ಉಳಿತಾಯ ಮಾಡುತ್ತಾರೆ. ಹಾಗಾಗಿ ಗುಂಡಿ ಮುಚ್ಚುವ ಮೊದಲೇ ನಾವು ಹತ್ತಿರ ನಿಲ್ಲಬೇಕು.

ನೋಡಬೇಕಾದ್ದು ಇಷ್ಟು:

ಕಂಬ: ಉದ್ದದ ಆರನೇ ಒಂದು ಪಾಲು ನೆಲದೊಳಗಿರಲಿ. 8 ಮೀಟರಿನ ಕಂಬಕ್ಕೆ ಸುಮಾರು ನಾಲ್ಕೂವರೆ ಅಡಿ.

ತಂತಿ: ಲೈನು ರಸ್ತೆ ದಾಟುವಲ್ಲಿ ನೆಲದಿಂದ 5.8 ಮೀಟರ್ ಎತ್ತರ ಬೇಕು. ಹುಲ್ಲಿನ ಲಾರಿ ಬರುವ ದಾರಿಯಾದರೆ ಅಳೆಸಿಯೇ ಬಿಡಿ. ಸರ್ವಿಸ್ ವಯರು ತಗಡು, ಮರದ ಕೊಂಬೆ ಯಾವುದಕ್ಕೂ ತಾಗಬಾರದು.

ಅರ್ತಿಂಗ್: ಪೈಪಿನದ್ದಾದರೆ ಉದ್ದ ಎರಡೂವರೆ ಮೀಟರಿಗೆ ಕಡಿಮೆಯಿಲ್ಲದಂತೆ, ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿ ಇರಬೇಕೆಂದು ಭಾರತೀಯ ಮಾನಕ 3043 ಹೇಳುತ್ತದೆ. ಕಲ್ಲು ಸಿಕ್ಕಿತೆಂದು ಪೈಪು ತುಂಡು ಮಾಡಲು ಬಿಡಬೇಡಿ, ಜಾಗ ಬದಲಿಸಲಿ.

ವಯರಿಂಗ್: ಮೆಗ್ಗರ್ ಹಿಡಿದು ಪರೀಕ್ಷಿಸಲು ಹೇಳಿ. 500 ವೋಲ್ಟಿನಲ್ಲಿ ಒಂದು ಮೆಗ್‌ಓಮಿಗಿಂತ ಕಡಿಮೆ ತೋರಿಸಿದರೆ ವಯರಿಂಗಿನಲ್ಲಿ ದೋಷ ಇದೆ ಎಂದರ್ಥ.

ಇನ್ನು ದುಡ್ಡಿನ ಮಾತು. ಸೌಭಾಗ್ಯದಲ್ಲಿ ಬಡವರಿಗೆ ಸಂಪರ್ಕ ಪುಕ್ಕಟೆ. ಉಳಿದವರಿಗೆ 500 ರೂಪಾಯಿ, ಅದೂ ಬಿಲ್ಲಿನ ಜತೆ ಹತ್ತು ಕಂತಿನಲ್ಲಿ. ಕೆಲಸದವರ ಕೈಗೆ ಕೊಡಬೇಕಾದ್ದು ಏನೂ ಇರಲಿಲ್ಲ. ಆದರೂ ಕೊಟ್ಟವರಿದ್ದಾರೆ! ಮುಂದೆ ಯಾವ ಯೋಜನೆ ಬಂದರೂ ನಿಯಮ ಮೊದಲು ಕೇಳಿಕೊಳ್ಳಿ.

ಕೆಲಸ ಪೂರ್ತಿಯಾಗದೆ ಕಾಗದಕ್ಕೆ ಸಹಿ ಹಾಕಬೇಡಿ. ಗುತ್ತಿಗೆಯ ಕರಾರಿನಲ್ಲಿ ದೋಷ ಸರಿಪಡಿಸುವ ಅವಧಿ ಎಂದು ಇರುತ್ತದೆ. ಅದು ಎಂದಿನವರೆಗೆ ಎಂದು ಸೆಕ್ಷನ್ ಆಫೀಸಿನಲ್ಲಿ ಕೇಳಿ, ಅಷ್ಟರೊಳಗೆ ದೂರು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಸಿಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಅಳತೆ ಪುಸ್ತಕದ ನಕಲು ಕೇಳಬಹುದು. ಇಲ್ಲದ ಪೈಪು ಅದರಲ್ಲಿ ಕಂಡರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ನೆರೆಮನೆಯವರು ದೂರು ಕೊಡುವ ಹೊತ್ತಿಗೆ ಆ ಅವಧಿ ಮುಗಿದಿತ್ತು. ಹೊಸ ಪೈಪು ಅವರೇ ಹಾಕಿಸಿದರು. ದನ ಮಾತ್ರ ಬರಲಿಲ್ಲ.