ಪಟ್ಟಿಗಿಂತ ಮೊದಲು ಬಸ್ಕಿ

ಬಾಗೂರು ಹೋಬಳಿಯ ಯಾವುದೇ ಊರಿನಲ್ಲಿದ್ದು, ಮೂವತ್ತೈದು ದಾಟಿದ ಮೇಲೆ ಕುಸ್ತಿಗೋ ಕರಾಟೆಗೋ ಸೇರುವ ಮನಸ್ಸಾಗಿದ್ದರೆ, ಮೈ ಪೂರಾ ಹದಕ್ಕೆ ಬರಲಿ ಎಂದು ವರ್ಷಗಟ್ಟಲೆ ಕಾಯಬೇಡಿ. ಆದರೆ ಆರೆಂಟು ವಾರದ ತಯಾರಿಯಿಲ್ಲದೆ ಅಖಾಡಕ್ಕೂ ಇಳಿಯಬೇಡಿ. ಹಳೇ ಮೈಸೂರು ಸೀಮೆಯ ಗರಡಿಮನೆಗಳ ಕ್ರಮವೇ ಇದಕ್ಕೆ ಆಧಾರ: ಹೊಸಬರಿಗೆ ಅಲ್ಲಿ ಮೊದಲು ದಂಡ, ಬಸ್ಕಿ, ಮಟ್ಟಿ ಅಗೆಯುವ ಕೆಲಸ, ಪಟ್ಟುಗಳು ಆಮೇಲೆ. ಇದರ ಹಿಂದೆ ದೇಹದ ಲೆಕ್ಕವಿದೆ. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ. ಅದನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಮೊದಲ ವಾರವೇ ಉಮೇದಿನಲ್ಲಿ ಎತ್ತರಕ್ಕೆ ಒದೆಯಲು ಹೋದರೆ ಮಂಡಿ, ಹಿಮ್ಮಡಿ ಹಿಡಿದುಕೊಳ್ಳುವುದು ಅದಕ್ಕೇ.

ದಿನವಿಡೀ ತೆಂಗಿನ ತೋಟದಲ್ಲಿ ದುಡಿಯುವವರಿಗೆ ಬೇರೆ ಕಸರತ್ತು ಯಾಕೆ ಎನ್ನಬಹುದು. ದುಡಿಮೆ ತಾಳಿಕೆ ಕೊಡುತ್ತದೆ, ನಿಜ. ಆದರೆ ಗಕ್ಕನೆ ತಿರುಗುವುದು, ಬಿದ್ದು ಏಳುವುದು, ಏದುಸಿರಿನಲ್ಲೂ ಸೆಣಸುವುದು ಅದರಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುನಡಿಗೆ, ಜೊತೆಗೆ ಎರಡು ದಿನ ದಂಡ-ಬಸ್ಕಿ ಮಾಡಿದರೆ ಆರಂಭಕ್ಕೆ ಸಾಕು. ಬಿಪಿ, ಸಕ್ಕರೆ ಕಾಯಿಲೆ, ಎದೆನೋವು ಇದ್ದವರು ಮೊದಲು ಡಾಕ್ಟರಿಗೆ ತೋರಿಸಿ. ಅದಕ್ಕೂ ಮೀರಿ ಕಾಯುವುದು, ನನ್ನ ಪ್ರಕಾರ, ಅಂಜಿಕೆಗೆ ಹುಡುಕಿಕೊಂಡ ನೆಪ. ಪೆಟ್ಟಾಗದಂತೆ ಬೀಳುವ ವಿದ್ಯೆ ಮನೆಯಲ್ಲಿ ಒಬ್ಬರೇ ಕುಳಿತರೆ ಬರುವುದಿಲ್ಲ. ಸೇರಿದ ದಿನವೇ ಗುರುಗಳಿಗೆ ನಿಮ್ಮ ವಯಸ್ಸು, ಹಳೆಯ ಗಾಯ ಎಲ್ಲವನ್ನೂ ಹೇಳಿಬಿಡಿ.