ಸೊಂಟವೂ ಬೇಕು, ಮುಂಗಾಲೂ ಬೇಕು

ಮಗನ ಬ್ಯಾಟಿಂಗ್ ಕೆಟ್ಟಿದ್ದು ಅವನು ನನ್ನ ಜೊತೆ ಹಿತ್ತಲಲ್ಲಿ ಕ್ರಿಕೆಟ್ ಆಡಿದ್ದರಿಂದ ಅಲ್ಲ. ನ್ಯೂಜೆರ್ಸಿಯ ಅವನ ಬೇಸ್‌ಬಾಲ್ ತಂಡದ ಕೋಚ್ ಎಲ್ಲ ಅಪ್ಪ ಅಮ್ಮಂದಿರ ಎದುರು ಅದೇ ಕಾರಣ ಎಂದರು. ಆ ಮಾತು ಇನ್ನೂ ಚುಚ್ಚುತ್ತಿದೆ.

ಕೋಚ್ ಅಪ್ಪಟ ‘ರೊಟೇಶನಲ್’ ಪಂಥದವರು. ಹೆಜ್ಜೆ ಮುಂದಿಡಬೇಡ, ಭಾರ ಹಿಂಗಾಲ ಮೇಲೇ ಇರಲಿ, ಹುಳ ಹೊಸಕಿದ ಹಾಗೆ ಪಾದ ತಿರುವು. ಒಳಬದಿಗೆ ಬರುವ ವೇಗದ ಚೆಂಡಿಗೆ ಅದು ಒದಗಿತು. ಆದರೆ ಎದುರಾಳಿ ಪಿಚರ್‌ಗಳು ಮಗನ ಆಟವನ್ನು ಬೇಗ ಅರಿತುಕೊಂಡರು.

ಒಂದು ಪಂದ್ಯದ ಕೊನೆಯ ಇನಿಂಗ್ಸ್. ಮೂರೂ ಬೇಸ್ ತುಂಬಿವೆ, ಇಬ್ಬರು ಔಟ್. ಮೊದಲ ಚೆಂಡು ಒಳಗೆ ಬಂತು. ಎಡಕ್ಕೆ ಎಳೆದ, ಫೌಲ್. ಎರಡನೆಯದು ಹೊರಬದಿಗೆ ನಿಧಾನವಾಗಿ ಬಂದ ಚೇಂಜ್‌ಅಪ್. ಚೆಂಡು ಪ್ಲೇಟಿಗೆ ಬರುವ ಮೊದಲೇ ಹುಡುಗನ ಸೊಂಟ ಪೂರ್ತಿ ತಿರುಗಿ, ಎದೆ ಮೂರನೇ ಬೇಸಿನ ಕಡೆ ಹೊರಳಿತ್ತು. “ಇನ್ನೂ ಜೋರಾಗಿ ತಿರುಗು!” ಎಂದು ಕೋಚ್ ಡಗ್‌ಔಟ್‌ನಿಂದ ಕೂಗಿದರು. ಮಗ ನನ್ನತ್ತ ನೋಡಿದ. ಪೋಷಕರು ಆಟದ ನಡುವೆ ಸಲಹೆ ಕೊಡುವಂತಿಲ್ಲ. ತಂತಿಬೇಲಿ ಹಿಡಿದು ನಿಂತೆ. ಮೂರನೆಯದೂ ಅದೇ ಚೆಂಡು, ಅದೇ ಜಾಗ. ಹೇಳಿದಂತೆಯೇ ಜೋರಾಗಿ ತಿರುಗಿದ. ಕಾಲು ಜಾರಿ ಮಂಡಿಯೂರಿದ. ಅಂಪೈರ್ ಕೈ ಎತ್ತಿದರು. ಕ್ರಿಕೆಟ್ಟಿನ ಮಾತು ಬಂದದ್ದು ಆಗಲೇ. ಹೇಳಿದ ಮಾತು ಕೇಳಿದ ಹುಡುಗನ ಮೇಲೆ ತಪ್ಪು ಹೊರಿಸಿದ್ದನ್ನು ನಾನು ಕ್ಷಮಿಸಿಲ್ಲ.

ರೊಟೇಶನಲ್ ಎಂದೊಡನೆ ಎಲ್ಲರೂ ಟೆಡ್ ವಿಲಿಯಮ್ಸ್ ಹೆಸರೆತ್ತುತ್ತಾರೆ. 1941ರಲ್ಲಿ .406 ಸರಾಸರಿ ಗಳಿಸಿದವರು. ಸೊಂಟ ಮೊದಲು, ಕೈ ಆಮೇಲೆ ಎಂದವರು. ಪಿಚರ್‌ನ ದಿಬ್ಬದಿಂದ ಬರುವ ಚೆಂಡು ಇಳಿಮುಖವಾಗಿರುವುದರಿಂದ ಬ್ಯಾಟನ್ನು ತುಸು ಏರುಮುಖವಾಗಿ ಬೀಸಬೇಕು ಎಂಬುದೂ ಅವರ ವಾದವೇ. ಆದರೆ ಅವರೂ ಸಣ್ಣ ಹೆಜ್ಜೆ ಮುಂದಿಡುತ್ತಿದ್ದರು! ಇದಕ್ಕೆ ಎದುರಾದ ‘ಲೀನಿಯರ್’ ಪಂಥದವರು ಗುರುವೆನ್ನುವ ಚಾರ್ಲಿ ಲಾವ್, ಭಾರ ಹಿಂಗಾಲಿನಿಂದ ಗಟ್ಟಿಯಾದ ಮುಂಗಾಲಿಗೆ ಸಾಗಬೇಕೆಂದರು. ಅವರ ಶಿಷ್ಯ ಜಾರ್ಜ್ ಬ್ರೆಟ್ 1980ರಲ್ಲಿ .390 ಸರಾಸರಿ ಗಳಿಸಿದರು. ಅವರ ಸೊಂಟವೂ ತಿರುಗುತ್ತಿತ್ತು. ಹೆಜ್ಜೆ ಮೊದಲು, ಮುಂಗಾಲು ಊರಿದ ಮೇಲೆ ತಿರುವು: ನಾನು ಮಗನಿಗೆ ಹೇಳಿದ್ದು ಇಷ್ಟೇ. ಕ್ರಿಕೆಟ್ಟಿನ ಫ್ರಂಟ್‌ಫುಟ್ ಡ್ರೈವ್ ಬಲ್ಲ ಹುಡುಗನಿಗೆ ಅದು ಬೇಗ ಹಿಡಿಸಿತು. ಹೊರಬದಿಯ ಚೆಂಡನ್ನು ಈಗ ಬಲಕ್ಕೆ ಕಳಿಸುತ್ತಾನೆ.

ಮಕ್ಕಳನ್ನು ಆಡಿಸುವವರು ಪಕ್ಕದಿಂದ, ಸೊಂಟದ ಮಟ್ಟದಲ್ಲಿ ವಿಡಿಯೋ ತೆಗೆಯಿರಿ. ಮುಂಗಾಲಿನ ಹಿಮ್ಮಡಿ ನೆಲಕ್ಕೆ ತಾಗುವ ಮೊದಲೇ ಸೊಂಟ ಬಿಚ್ಚಿಕೊಳ್ಳುತ್ತಿದೆಯೇ ನೋಡಿ. ತಂಡಕ್ಕೆ ಸೇರಿಸುವ ಮುಂಚೆ, ಹೊರಬದಿಯ ನಿಧಾನದ ಚೆಂಡಿಗೆ ಏನು ಕಲಿಸುತ್ತೀರಿ ಎಂದು ಕೋಚನ್ನು ಕೇಳಿ. ಅದಕ್ಕೂ “ಜೋರಾಗಿ ತಿರುಗು” ಎಂದರೆ ಬೇರೆ ತಂಡ ಹುಡುಕಿ.